ಎರಡೇ ದಿನಕ್ಕೆ ಪೇಪರ್ ಒಪ್ಪಿದ ಜರ್ನಲ್‌ಗೆ ದುಡ್ಡು ಕಟ್ಟಬೇಕಾ?

ಪ್ರಶ್ನೆ: ಮೇಡಂ, ನಾನು ವಾಣಿಜ್ಯಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಥೀಸಿಸ್ ಕೊಡುವ ಮೊದಲು ಒಂದು ಪೇಪರ್ ಆಗಿರಬೇಕು ಅಂತ ವಿಭಾಗದಲ್ಲಿ ಹೇಳಿದರು. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬಂದ ‘ಸ್ಕೋಪಸ್ ಜರ್ನಲ್, ಗ್ಯಾರಂಟಿ ಪ್ರಕಟಣೆ’ ಜಾಹೀರಾತು ನೋಡಿ ಕಳಿಸಿದೆ. ಎರಡೇ ದಿನಕ್ಕೆ ಒಪ್ಪಿಗೆ ಪತ್ರ ಬಂತು. ಜೊತೆಗೆ 14,000 ರೂಪಾಯಿ ಕಟ್ಟಿ ಅಂದರು. ಅನುಮಾನ ಬಂದು ಪೇಪರ್ ವಾಪಸ್ ಕೇಳಿದರೆ, ಅದಕ್ಕೂ ಫೀಸು ಕೊಡಿ, ಇಲ್ಲದಿದ್ದರೆ ಯೂನಿವರ್ಸಿಟಿಗೆ ದೂರು ಬರೆಯುತ್ತೇವೆ ಅಂತಾರೆ. ಇದೇ ಪೇಪರನ್ನು ಬೇರೆ ಕಡೆ ಕಳಿಸಬಹುದಾ?
— ಹೆಸರು ಬೇಡ, ಕಲಬುರಗಿ

ಉತ್ತರ: ದುಡ್ಡು ಕಟ್ಟಬೇಡಿ. ಪ್ರಕಟಣೆಗೂ ಬೇಡ, ವಾಪಸ್ ಪಡೆಯುವುದಕ್ಕೂ ಬೇಡ.

ಪೇಪರ್ ಬಂದ ಮೇಲೆ ಎಡಿಟರ್ ಅದನ್ನು ಓದಬೇಕು. ವಿಷಯ ಗೊತ್ತಿರುವ ಇಬ್ಬರನ್ನು ಹುಡುಕಿ ಕಳಿಸಬೇಕು. ಅವರು ತಮ್ಮ ಪಾಠ, ಪರೀಕ್ಷೆಗಳ ನಡುವೆ, ಸಾಮಾನ್ಯವಾಗಿ ಒಂದು ರೂಪಾಯಿಯೂ ಇಲ್ಲದೆ ಓದಿ ತಮ್ಮ ಅಭಿಪ್ರಾಯ, ಅಂದರೆ ರಿವ್ಯೂ, ಬರೆಯಬೇಕು. ವಾರಗಳು ಹಿಡಿಯುತ್ತವೆ, ಎಷ್ಟೋ ಸಲ ತಿಂಗಳುಗಳು. ಎರಡು ದಿನದಲ್ಲಿ ಒಪ್ಪಿದ್ದಾರೆ ಅಂದರೆ ಯಾರೂ ಓದಿಲ್ಲ. ನಿಮಗೆ ಬಂದ ರಿವ್ಯೂ ತೆಗೆದು ನೋಡಿ. ‘ಪೇಪರ್ ಚೆನ್ನಾಗಿದೆ, ಫಾಂಟ್ ಸರಿಮಾಡಿ’ ಅನ್ನುವಂಥ ಎರಡು ಸಾಲಿಗಿಂತ ಜಾಸ್ತಿ ಇದ್ದರೆ ನನಗೆ ಆಶ್ಚರ್ಯ.

ಇದೇನೂ ಹೊಸ ದಂಧೆಯಲ್ಲ. 2013ರಲ್ಲಿ ‘ಸೈನ್ಸ್’ ಪತ್ರಿಕೆಯ ಜಾನ್ ಬೊಹಾನನ್ ಬೇಕಂತಲೇ ತಪ್ಪುಗಳನ್ನು ತುಂಬಿದ ಒಂದು ಸುಳ್ಳು ಪೇಪರ್ ತಯಾರಿಸಿ 304 ಜರ್ನಲ್‌ಗಳಿಗೆ ಕಳಿಸಿದರು. 157 ಜರ್ನಲ್‌ಗಳು ಒಪ್ಪಿಕೊಂಡವು! ನಮ್ಮ ಪಕ್ಕದ ಹೈದರಾಬಾದಿನಲ್ಲಿ ಬೆಳೆದ ಓಮಿಕ್ಸ್ ಅನ್ನುವ ಪ್ರಕಾಶನದ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕೇಸು ಹಾಕಿತು. 2019ರಲ್ಲಿ ಅಲ್ಲಿನ ಕೋರ್ಟು 5 ಕೋಟಿ ಡಾಲರಿಗೂ ಹೆಚ್ಚು ಕಟ್ಟುವಂತೆ ಆದೇಶಿಸಿತು. ರಿವ್ಯೂ ಆಗಿದೆ ಅಂತ ಸುಳ್ಳು ಹೇಳಿದ್ದು, ಫೀಸನ್ನು ಮೊದಲೇ ತಿಳಿಸದೆ ಮುಚ್ಚಿಟ್ಟಿದ್ದು ಅದರ ಮೇಲಿನ ಮುಖ್ಯ ಆರೋಪಗಳು. ನಿಮ್ಮ ಕಥೆಯೂ ಅದೇ ಅಲ್ವಾ?

ಹಾಗಂತ ದುಡ್ಡು ಕೇಳಿದವರೆಲ್ಲ ಮೋಸಗಾರರಲ್ಲ. ಯಾರು ಬೇಕಾದರೂ ಪುಕ್ಕಟೆ ಓದುವಂತೆ ಪ್ರಕಟಿಸುವ ಎಷ್ಟೋ ಒಳ್ಳೆಯ ಜರ್ನಲ್‌ಗಳು ಲೇಖಕರಿಂದ ಫೀಸು ತೆಗೆದುಕೊಳ್ಳುತ್ತವೆ. ‘ನೇಚರ್’ ಇದಕ್ಕೆ 2020ರಲ್ಲಿ ಘೋಷಿಸಿದ ದರ 9,500 ಯೂರೋ. (ಅದು ನ್ಯಾಯವೇ ಅನ್ನುವುದು ಬೇರೆ ಜಗಳ.) ಇನ್ನೊಂದು ಕಡೆ, ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್‌ನ ಜರ್ನಲ್‌ಗಳಲ್ಲಿ ದುಡ್ಡಿಲ್ಲದೆಯೇ ಪ್ರಕಟಿಸಬಹುದು. ಆದ್ದರಿಂದ ಫೀಸಿನ ವಿಷಯವನ್ನು ಯಾವಾಗ ಹೇಳಿದರು ಅಂತ ನೋಡಿ. ಸರಿಯಾದ ಜರ್ನಲ್ ಅದನ್ನು ವೆಬ್‌ಸೈಟಿನಲ್ಲೇ ಬರೆದಿರುತ್ತದೆ.

ಜಾಹೀರಾತಿನಲ್ಲಿದ್ದ ‘ಸ್ಕೋಪಸ್’ ಮಾತನ್ನು ನೀವೇ ಪರೀಕ್ಷಿಸಬಹುದು. ಸ್ಕೋಪಸ್ ಅಂದರೆ ಆಯ್ದ ಜರ್ನಲ್‌ಗಳ ಒಂದು ಅಂತಾರಾಷ್ಟ್ರೀಯ ಪಟ್ಟಿ. ಸ್ಕೋಪಸ್‌ನ ಸೋರ್ಸಸ್ ಪುಟಕ್ಕೆ ಹೋಗಿ, ಜರ್ನಲ್‌ನ ಐಎಸ್‌ಎಸ್‌ಎನ್ ನಂಬರ್ ಹಾಕಿ ಹುಡುಕಿ. ಹೆಸರು ಸಿಕ್ಕರೂ ‘ಕವರೇಜ್ ಡಿಸ್‌ಕಂಟಿನ್ಯೂಡ್’ ಅಂತ ಪಕ್ಕದಲ್ಲಿ ಇದೆಯಾ ನೋಡಿ. ಇದ್ದರೆ, ಅದನ್ನು ಪಟ್ಟಿಯಿಂದ ಕೈಬಿಟ್ಟಿದ್ದಾರೆ ಅಂತ ಅರ್ಥ. ಅಸಲಿ ಜರ್ನಲ್‌ನ ಹೆಸರು, ನಂಬರ್ ಎರಡನ್ನೂ ಕದ್ದು ನಕಲಿ ವೆಬ್‌ಸೈಟ್ ಮಾಡುವವರೂ ಇದ್ದಾರೆ. ಹಾಗಾಗಿ ಪ್ರಕಾಶಕರ ಹೆಸರೂ ತಾಳೆಯಾಗಬೇಕು. ಐಎಸ್‌ಎಸ್‌ಎನ್ ಬರೀ ಗುರುತಿನ ನಂಬರ್, ಗುಣಮಟ್ಟದ ಮುದ್ರೆಯಲ್ಲ. ಇನ್ನು ಪಟ್ಟಿಗಳನ್ನೂ ಕಣ್ಣುಮುಚ್ಚಿ ನಂಬಬೇಡಿ. ವೈಲಿ ಎಂಬ ದೊಡ್ಡ ಪ್ರಕಾಶನದ ಕೈಯಲ್ಲಿದ್ದ ಹಿಂದಾವಿಯ ಜರ್ನಲ್‌ಗಳು 2023ರಲ್ಲಿ 8,000ಕ್ಕೂ ಹೆಚ್ಚು ಪೇಪರ್‌ಗಳನ್ನು ಹಿಂತೆಗೆದುಕೊಂಡವು. ಅವುಗಳಲ್ಲಿ ಎಷ್ಟೋ ಜರ್ನಲ್‌ಗಳು ಸ್ಕೋಪಸ್‌ನಲ್ಲಿದ್ದವೇ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಕೂಡ ಒಪ್ಪಿತ ಜರ್ನಲ್‌ಗಳ ತನ್ನ ‘ಕೇರ್’ ಪಟ್ಟಿಯನ್ನು 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು.

ಈಗ ಮಾಡಬೇಕಾದ್ದು. ‘ನನ್ನ ಪೇಪರನ್ನು ಈ ದಿನದಿಂದ ಹಿಂಪಡೆದಿದ್ದೇನೆ, ಪ್ರಕಟಿಸಲು ನನ್ನ ಒಪ್ಪಿಗೆ ಇಲ್ಲ’ ಅಂತ ಎರಡು ಸಾಲಿನ ಇಮೇಲ್ ಬರೆಯಿರಿ. ಗೈಡ್‌ಗೂ ಅದರ ಪ್ರತಿ ಹೋಗಲಿ. ಕಾಪಿರೈಟ್ ಫಾರ್ಮ್‌ಗೆ ಸಹಿ ಹಾಕಿದ್ದರೆ ಅದನ್ನೂ ರದ್ದು ಮಾಡುತ್ತಿದ್ದೇನೆ ಅಂತ ಸೇರಿಸಿ. ಯೂನಿವರ್ಸಿಟಿಗೆ ದೂರು ಕೊಡುತ್ತೇವೆ ಅನ್ನುವುದು ಸುಮ್ನೆ ಬೆದರಿಕೆ. ಗೈಡ್‌ಗೆ ನೀವೇ ಮೊದಲು ಹೇಳಿಬಿಟ್ಟರೆ ಅದಕ್ಕೆ ಬೆಲೆಯೂ ಉಳಿಯುವುದಿಲ್ಲ. ಒಂದೇ ಪೇಪರ್ ಏಕಕಾಲಕ್ಕೆ ಎರಡು ಕಡೆ ಇರಬಾರದು ಅನ್ನುವುದು ಎಲ್ಲ ಕಡೆಯ ನಿಯಮ. ಆದ್ದರಿಂದ ಈ ಇಮೇಲ್ ಆದ ಮೇಲೆಯೇ ಹೊಸ ಜರ್ನಲ್‌ಗೆ ಕಳಿಸಿ. ಕವರ್ ಲೆಟರಿನಲ್ಲಿ ನಡೆದದ್ದನ್ನು ಮುಚ್ಚಿಡದೆ ಬರೆಯಿರಿ. ಅವರು ಅಷ್ಟರಲ್ಲಿ ಪ್ರಕಟಿಸಿಬಿಟ್ಟರೆ ಕೆಲಸ ಕಷ್ಟ. ಆಗಲೂ ಎಡಿಟರ್‌ಗೆ ಮೊದಲೇ ತಿಳಿಸಿ ಕೇಳುವುದೊಂದೇ ದಾರಿ.

ಅಂದಹಾಗೆ, 2022ರ ಯುಜಿಸಿ ನಿಯಮದಲ್ಲಿ ಥೀಸಿಸ್‌ಗೆ ಮುಂಚೆ ಪೇಪರ್ ಕಡ್ಡಾಯವಲ್ಲ. ಯೂನಿವರ್ಸಿಟಿ ತನ್ನದೇ ನಿಯಮ ಇಟ್ಟುಕೊಂಡಿರಬಹುದು. ನಿಮ್ಮಲ್ಲಿ ಹೇಗಿದೆ ಅಂತ ಬಾಯಿಮಾತಿನಲ್ಲಲ್ಲ, ಬರಹದಲ್ಲಿ ಕೇಳಿ.

ಪ್ರಶ್ನೆ: ಪೇಪರಿನಲ್ಲಿ ವಿಭಾಗದ ಮುಖ್ಯಸ್ಥರ (ಎಚ್‌ಒಡಿ) ಹೆಸರನ್ನೂ ಸೇರಿಸು ಅಂತ ಗೈಡ್ ಸರ್ ಹೇಳುತ್ತಾರೆ. ಎಚ್‌ಒಡಿ ಆ ಪೇಪರನ್ನು ಓದಿಯೂ ಇಲ್ಲ. ಬೇಡ ಅನ್ನುವುದು ಹೇಗೆ?
— ಸಂಶೋಧನಾ ವಿದ್ಯಾರ್ಥಿ, ಮೈಸೂರು

ಉತ್ತರ: ಯಾರು ಲೇಖಕ ಅನ್ನುವ ಬಗ್ಗೆ ವೈದ್ಯಕೀಯ ಜರ್ನಲ್ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿಯ ನಿಯಮ ಬೇರೆ ವಿಷಯಗಳಲ್ಲೂ ದಾರಿ ತೋರಿಸುತ್ತದೆ. ಕೆಲಸದಲ್ಲಿ ಗಟ್ಟಿ ಪಾಲು ಇರಬೇಕು, ಬರೆದಿರಬೇಕು ಇಲ್ಲವೇ ಗಂಭೀರವಾಗಿ ತಿದ್ದಿರಬೇಕು, ಕೊನೆಯ ಪ್ರತಿಯನ್ನು ಒಪ್ಪಿರಬೇಕು, ನಾಳೆ ಪ್ರಶ್ನೆ ಬಂದರೆ ಹೊಣೆ ಹೊರಬೇಕು. ಈ ನಾಲ್ಕೂ ಇದ್ದರೆ ಲೇಖಕ. ವಿಭಾಗ ನಡೆಸುವುದು, ಅನುದಾನ ತರುವುದು ಇವಷ್ಟೇ ಸಾಲದು. ಅಂಥವರಿಗೆ ಕೃತಜ್ಞತೆಯ ಸಾಲಿನಲ್ಲಿ ಜಾಗವಿದೆ.

ಹೊಣೆ ಎಷ್ಟು ಭಾರ ಅಂತ 2020ರಲ್ಲಿ ಎಲ್ಲರೂ ನೋಡಿದರು. ಕೋವಿಡ್‌ಗೆ ಹೈಡ್ರಾಕ್ಸಿಕ್ಲೋರೊಕ್ವಿನ್ ಔಷಧಿ ಕೊಡುವ ಬಗ್ಗೆ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ ಮೇ 22ರಂದು ಬಂದ ಪೇಪರನ್ನು ಜೂನ್ 4ರಂದೇ ಹಿಂತೆಗೆಯಲಾಯಿತು. ಲೇಖಕರು ನಾಲ್ವರು. ಮೂಲ ಮಾಹಿತಿ ಇದ್ದದ್ದು ಅವರಲ್ಲಿ ಒಬ್ಬರ ಕಂಪನಿಯ ಹತ್ತಿರ. ಸ್ವತಂತ್ರ ಪರಿಶೀಲನೆಗೆ ಆ ಕಂಪನಿ ಪೂರ್ತಿ ಡೇಟಾ ಕೊಡಲಿಲ್ಲ. ಆಗ ಉಳಿದ ಮೂವರು, ಈ ಡೇಟಾ ಸತ್ಯವೆಂದು ನಾವು ಹೇಳಲಾರೆವು ಎಂದು ಒಪ್ಪಿಕೊಳ್ಳಬೇಕಾಯಿತು. ಓದದ ಪೇಪರಿನಲ್ಲಿ ಹೆಸರಿದ್ದರೆ ನಿಮ್ಮ ಎಚ್‌ಒಡಿಗೂ ಅದೇ ಅಪಾಯ.

ಆದರೂ ಎದುರು ನಿಂತು ಜಗಳ ಮಾಡಿ ಅಂತ ನಾನು ಹೇಳುವುದಿಲ್ಲ. ನಿಮ್ಮ ಡಿಗ್ರಿ ಅವರ ಕೈಯಲ್ಲಿದೆ. ಈಗ ತುಂಬಾ ಜರ್ನಲ್‌ಗಳು ಯಾವ ಲೇಖಕ ಏನು ಮಾಡಿದ ಅಂತ ಬರೆಸಿಕೊಳ್ಳುತ್ತವೆ. ಆ ಫಾರ್ಮ್ ತೆಗೆದುಕೊಂಡು ಗೈಡ್ ಹತ್ತಿರ ಹೋಗಿ, ‘ಸರ್, ಎಚ್‌ಒಡಿ ಸರ್ ಹೆಸರಿನ ಮುಂದೆ ಏನು ಬರೆಯಲಿ?’ ಅಂತ ಕೇಳಿ. ಎಷ್ಟೋ ಸಲ ವಿಷಯ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಕರಡನ್ನು ಎಚ್‌ಒಡಿಗೇ ಕೊಟ್ಟು ಅಭಿಪ್ರಾಯ ಕೇಳಿ. ನಿಜವಾಗಿ ಓದಿ ತಿದ್ದಿ, ವಿಶ್ಲೇಷಣೆಗೂ ಕೈಹಾಕಿದರೆ ಹೆಸರು ಹಾಕಲು ತಕರಾರೇಕೆ?

ಪ್ರಶ್ನೆ: ನಕಲು ಪತ್ತೆಹಚ್ಚುವ ಡ್ರಿಲ್‌ಬಿಟ್ ಸಾಫ್ಟ್‌ವೇರಿನಲ್ಲಿ ಥೀಸಿಸ್‌ಗೆ 18% ಹೋಲಿಕೆ ಬಂದಿದೆ. ಆನ್‌ಲೈನ್ ಟೂಲಿಗೆ ಹಾಕಿ ಪದ ಬದಲಿಸಿದರೆ ಸಾಕಾ?
— ತುಮಕೂರಿನ ಓದುಗ

ಉತ್ತರ: ಬೇಡವೇ ಬೇಡ. ಹಾಗೆ ಮಾಡಿದವರ ಪೇಪರ್‌ಗಳಲ್ಲಿ ‘ಬ್ರೆಸ್ಟ್ ಕ್ಯಾನ್ಸರ್’ ಹೋಗಿ ‘ಬೂಝಮ್ ಪೆರಿಲ್’ (ಎದೆಯ ಅಪಾಯ) ಆಗಿತ್ತು. ಅಂಥ ವಿಚಿತ್ರ ಪದಗಳನ್ನೇ ಹುಡುಕುತ್ತಾ ಹೋಗಿ ಫ್ರಾನ್ಸಿನ ಗಿಯೋಮ್ ಕಬನಾಕ್ ಮತ್ತು ಅವರ ಜೊತೆಗಾರರು ಸಾವಿರಾರು ಅನುಮಾನದ ಪೇಪರ್‌ಗಳನ್ನು ಪತ್ತೆಹಚ್ಚಿದ್ದಾರೆ. ಯುಜಿಸಿಯ 2018ರ ನಿಯಮದಲ್ಲಿ 10%ವರೆಗೆ ದಂಡನೆ ಇಲ್ಲ. 10ರಿಂದ 40ರ ನಡುವೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. ಮೊದಲು ರಿಪೋರ್ಟ್ ತೆರೆದು, ಬಣ್ಣ ಬಳಿದ ಸಾಲುಗಳನ್ನು ಒಂದೊಂದಾಗಿ ನೋಡಿ. ಗ್ರಂಥಸೂಚಿ, ಪರಿವಿಡಿ, ಮೂಲ ಹೇಳಿ ಉದ್ಧರಿಸಿದ ಭಾಗ ಇವು ಲೆಕ್ಕಕ್ಕೆ ಬರಬಾರದು. ಬಂದಿದ್ದರೆ ಲೈಬ್ರರಿಯಲ್ಲಿ ಅವನ್ನು ಬಿಟ್ಟು ಮತ್ತೆ ಪರೀಕ್ಷಿಸಲು ಕೇಳಿ. ಉಳಿದದ್ದನ್ನು ಪುಸ್ತಕ ಮುಚ್ಚಿಟ್ಟು ನಿಮ್ಮ ಮಾತಿನಲ್ಲಿ ಹೊಸದಾಗಿ ಬರೆಯಿರಿ. ಮೂಲದ ಹೆಸರನ್ನಂತೂ ಹಾಕಲೇಬೇಕು.