ಆರು ವರ್ಷದ ಮಗನಿಗೆ ತಳ್ಳುಗಾಡಿ ಬೇಕಾ?

ದಾವಣಗೆರೆಯಲ್ಲಿ 24 ವರ್ಷದಿಂದ ಮಕ್ಕಳ ಫಿಸಿಯೋಥೆರಪಿ ಮಾಡುತ್ತಿದ್ದೇನೆ. ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಮಕ್ಕಳ ಕಾಲು, ನಡಿಗೆ, ಬೂಟಿನ ಬಗ್ಗೆಯೇ ಇರುತ್ತವೆ. ಈ ಸಲ ಮೂರು ಪತ್ರಗಳು ಮಕ್ಕಳನ್ನು ಕೂರಿಸಿ ತಳ್ಳುವ ಗಾಡಿಯ (ಸ್ಟ್ರೋಲರ್) ವಿಷಯ ಹೊತ್ತು ಬಂದಿವೆ. ಮೂರನ್ನೂ ಒಟ್ಟಿಗೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಅಕ್ಕಾ, ಏಪ್ರಿಲ್ ರಜೆಗೆ ಅಮೆರಿಕದ ಫ್ಲೋರಿಡಾದಲ್ಲಿರುವ ನಮ್ಮಣ್ಣನ ಮನೆಗೆ ಹೋಗುತ್ತಿದ್ದೇವೆ. ಅದರಲ್ಲಿ ಮೂರು ದಿನ ಅಲ್ಲಿನ ದೊಡ್ಡ ಅಮ್ಯೂಸ್‌ಮೆಂಟ್ ಪಾರ್ಕು ಡಿಸ್ನಿ ವರ್ಲ್ಡ್. ಮಗನಿಗೆ ಆರು ವರ್ಷ, ತೂಕ 21 ಕೆಜಿ. ಅತ್ತಿಗೆ ಫೋನ್ ಮಾಡಿದಾಗಲೆಲ್ಲ ‘ಅವನಿಗೊಂದು ಸ್ಟ್ರೋಲರ್ ಬೇಕೇ ಬೇಕು’ ಅನ್ನುತ್ತಾರೆ. ನಮ್ಮ ಅತ್ತೆ ಮಾತ್ರ ‘ಶಾಲೆಗೆ ಹೋಗೋ ಹುಡುಗನ್ನ ಕೂಸಿನ ಗಾಡೀಲಿ ಕೂರಿಸ್ತೀರಾ? ನೋಡಿದೋರು ಏನಂದಾರು?’ ಅನ್ನುತ್ತಾರೆ. ಮನೆ ಮುಂದೆ ಅವನು ಸಂಜೆಯೆಲ್ಲ ಓಡಿಕೊಂಡೇ ಇರುತ್ತಾನೆ. ಆದರೆ ಕೆಲವು ರಾತ್ರಿ ಕಾಲು ನೋವು ಅಂತ ಅಳುತ್ತಾನೆ. ಅವನ ಹಳೇ ಗಾಡಿ ಅಟ್ಟದ ಮೇಲಿದೆ. ಅದನ್ನೇ ಒಯ್ಯಬಹುದಾ?
– ಒಬ್ಬ ತಾಯಿ, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ಗಾಡಿ ಬೇಕಮ್ಮ. ಆದರೆ ಅಟ್ಟದ ಮೇಲಿರುವುದು ಬೇಡ.

ನಿಮ್ಮ ಅತ್ತೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಶಾಲೆಗೆ, ಅಂಗಡಿಗೆ, ಗುಡಿಗೆ ಹೋಗಲು ಆರು ವರ್ಷದ ಗಟ್ಟಿ ಹುಡುಗನಿಗೆ ಯಾವ ಗಾಡಿಯೂ ಬೇಡ. ನಡೆಯಲಿ, ಓಡಲಿ, ಬಿದ್ದು ಏಳಲಿ. ಅತ್ತೆಯವರು ಕಂಡಿರುವ ನಡಿಗೆ ಅದು. ಡಿಸ್ನಿ ವರ್ಲ್ಡಿನದು ಬೇರೆ. ಬೆಳಿಗ್ಗೆ ಗೇಟು ತೆಗೆದಾಗ ಒಳಗೆ ಹೋದವರು ರಾತ್ರಿ ಬಾಣಬಿರುಸು ನೋಡಿ ಹೊರಗೆ ಬರುವ ಹೊತ್ತಿಗೆ ಹತ್ತು ಕಿಲೋಮೀಟರ್ ದಾಟಿರುವುದು ಸಾಮಾನ್ಯ. ನಮ್ಮೂರಿಂದ ಹರಿಹರಕ್ಕೆ ಮುಕ್ಕಾಲು ದಾರಿ ನಡೆದ ಹಾಗೆ. ಅದೂ ಮೂರು ದಿನ. ಜೊತೆಗೆ ಕ್ಯೂನಲ್ಲಿ ನಿಲ್ಲಬೇಕು. ಮನೆ ಮುಂದೆ ಓಡುವ ಮಗು ಸಾಕಾದಾಗ ಕಟ್ಟೆ ಮೇಲೆ ಕೂರುತ್ತದೆ, ಒಳಗೆ ಹೋಗಿ ನೀರು ಕುಡಿಯುತ್ತದೆ, ಮತ್ತೆ ಓಡುತ್ತದೆ. ಯಾವಾಗ ನಿಲ್ಲಬೇಕು ಅನ್ನುವುದು ಅದರ ಕೈಯಲ್ಲೇ ಇರುತ್ತದೆ. ಪಾರ್ಕಿನಲ್ಲಿ ಹಾಗಲ್ಲ, ದೊಡ್ಡವರ ಹೆಜ್ಜೆಗೆ ಅದು ಹೆಜ್ಜೆ ಹಾಕಬೇಕು.

ಆ ಹೆಜ್ಜೆಯ ಲೆಕ್ಕವನ್ನೂ ಹೇಳುತ್ತೇನೆ. ನಮ್ಮ ಕ್ಲಿನಿಕ್ಕಿನ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ ಮಕ್ಕಳನ್ನು ನಡೆಸುತ್ತೇನೆ. ಈ ವಯಸ್ಸಿನವರ ಒಂದು ಹೆಜ್ಜೆ ಹೆಚ್ಚೂಕಡಿಮೆ ಅರ್ಧ ಮೀಟರ್. ಅಪ್ಪ ಎರಡು ಹೆಜ್ಜೆ ಇಟ್ಟಲ್ಲಿ ಮಗ ಮೂರು ಇಡಬೇಕು. ಹತ್ತು ಕಿಲೋಮೀಟರಿಗೆ ನಿಮ್ಮದು 14 ಸಾವಿರ ಹೆಜ್ಜೆ ಆಯಿತು ಅಂದರೆ ಅವನದು 20 ಸಾವಿರ.

ಇನ್ನೊಂದು ವಿಷಯ ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ. ಏಪ್ರಿಲ್‌ನಲ್ಲಿ ಫ್ಲೋರಿಡಾದ ಗಡಿಯಾರ ನಮಗಿಂತ ಒಂಬತ್ತೂವರೆ ಗಂಟೆ ಹಿಂದಿರುತ್ತದೆ. ಅಲ್ಲಿ ಮಧ್ಯಾಹ್ನ ಎರಡೂವರೆ ಅಂದರೆ ನಿಟ್ಟುವಳ್ಳಿಯಲ್ಲಿ ರಾತ್ರಿ ಹನ್ನೆರಡು. ಮೊದಲ ಕೆಲವು ದಿನ ಅವನ ಮೈ ನಿಟ್ಟುವಳ್ಳಿಯ ಗಡಿಯಾರವನ್ನೇ ನಂಬಿಕೊಂಡಿರುತ್ತದೆ. ಊಟ ಆಗಿ, ಬಿಸಿಲೇರಿ, ಜನ ತುಂಬಿದ ಹೊತ್ತಿಗೆ ಅವನಿಗೆ ನಡುರಾತ್ರಿಯ ನಿದ್ದೆ ಬಂದಿರುತ್ತದೆ. ಆಗ ರಗಳೆ ಮಾಡಿದರೆ ಅದು ಹಟ ಅಲ್ಲ. ಗಾಡಿ ಇದ್ದರೆ ಅದರಲ್ಲೇ ಒಂದು ಗಂಟೆ ಮಲಗಿ ಏಳುತ್ತಾನೆ. ಇಲ್ಲದಿದ್ದರೆ ಅಪ್ಪನ ಬೆನ್ನಿನ ಮೇಲೆ ಉಪ್ಪುಮೂಟೆ. 21 ಕೆಜಿ ಹೊತ್ತು ಮೂರು ದಿನ ತಿರುಗಿದರೆ ವಾಪಸ್ ಬಂದವರು ಬೆನ್ನು ಹಿಡಿದುಕೊಂಡು ನನ್ನ ಹತ್ತಿರವೇ ಬರಬೇಕಾಗುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ನನ್ನದೇ ಒಂದು ಕಾರಣ ಇದೆ. ನನ್ನ ಮಗಳು ಐದು ವರ್ಷದವಳಿದ್ದಾಗ ಒಂದು ಅಮ್ಯೂಸ್‌ಮೆಂಟ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆವು. ಸಂಜೆ ನಾಲ್ಕರ ಹೊತ್ತಿಗೆ ಕಾದ ಕಲ್ಲುಹಾಸಿನ ಮೇಲೆ ಕೂತುಬಿಟ್ಟಳು. ‘ಏಳು, ನಾಟಕ ಮಾಡ್ಬೇಡ, ಎಲ್ಲರೂ ನೋಡ್ತಿದ್ದಾರೆ’ ಅಂದೆ. ಎದ್ದಳು. ಅಳಲಿಲ್ಲ, ಸುಮ್ನೆ ನಡೆದಳು. ರಾತ್ರಿ ಬಸ್ಸಿನಲ್ಲಿ ಅವಳ ಸಾಕ್ಸ್ ತೆಗೆದಾಗ ಎರಡೂ ಹಿಮ್ಮಡಿಯಲ್ಲಿ ರೂಪಾಯಿ ನಾಣ್ಯದಷ್ಟು ಅಗಲದ ಬೊಕ್ಕೆ. ಒಂದು ಒಡೆದು ಸಾಕ್ಸಿಗೆ ಅಂಟಿತ್ತು. ಬಾಟಲಿಯ ನೀರು ಹಾಕಿ ನೆನೆಸಿ ನೆನೆಸಿ ಬಿಡಿಸಿದೆ. ಅವತ್ತಿನಿಂದ ನಡೆದು ಸಾಕಾಗಿ ಕೂತ ಯಾವ ಮಗುವಿಗೂ ‘ನಾಟಕ’ ಅನ್ನುವ ಮಾತು ನನ್ನ ಬಾಯಿಂದ ಬಂದಿಲ್ಲ.

ಈಗ ಅಟ್ಟದ ಗಾಡಿ. ಕೆಳಗಿಳಿಸಿ ಸೀಟಿನ ಅಡಿ ಅಥವಾ ಕಂಬಿಯ ಮೇಲೆ ಅಂಟಿಸಿರುವ ಚೀಟಿ ನೋಡಿ. ನಮ್ಮಲ್ಲಿ ಮಾರುವ ಸಾಮಾನ್ಯ ಗಾಡಿಗಳು 15 ಕೆಜಿ ತನಕದವು, ಅಂದರೆ ಮೂರು ವರ್ಷದ ಲೆಕ್ಕದವು. ನಿಮ್ಮ ಮಗ ಕೂತರೆ ಮೊಣಕಾಲು ಎದೆಗೆ ಬರುತ್ತದೆ. ಕಾಲು ಇಳಿಬಿಟ್ಟರೆ ಪಾದ ನೆಲಕ್ಕೆ ತಾಗಿ ಮುಂದಿನ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಮಡಚುವ ಕೀಲು ಭಾರಕ್ಕೆ ಬಿಟ್ಟುಕೊಂಡರೆ ಬೆರಳು ಜಜ್ಜುವ ಭಯವೂ ಇದೆ. ದೊಡ್ಡ ಮಕ್ಕಳಿಗೆ ಅಂತ 22 ಕೆಜಿ ಹೊರುವ ಗಾಡಿಗಳು ಬಂದಿವೆ. ಅವನು ಅದರ ಅಂಚಿನಲ್ಲೇ ಇದ್ದಾನೆ. ಡಿಸ್ನಿ ಪಾರ್ಕಿನ ಒಳಗೆ ಬಾಡಿಗೆಗೆ ಸಿಗುವ ಒಂಟಿ ಗಾಡಿಯ ಮಿತಿ 50 ಪೌಂಡ್, ಅಂದರೆ 22 ಕೆಜಿ ಚಿಲ್ಲರೆ. ಹೊರಡುವ ವಾರ ಅವನನ್ನು ಒಮ್ಮೆ ತೂಗಿ ನೋಡಿ. ಮಿತಿ ದಾಟಿದ್ದರೆ ಅತ್ತಿಗೆಗೆ ಹೇಳಿ, ಇನ್ನೂ ಹೆಚ್ಚು ಭಾರ ಹೊರುವ ಗಾಡಿಯನ್ನು ಹೊರಗಿನ ಬಾಡಿಗೆ ಅಂಗಡಿಯಲ್ಲಿ ವಿಚಾರಿಸಲಿ. ಪಾರ್ಕಿನದು ಪಾರ್ಕಿನೊಳಗೆ ಮಾತ್ರ. ಗೇಟು ದಾಟಿ ಕಾರಿನ ತನಕ ಬರುವುದಿಲ್ಲ. ದಿನದಲ್ಲಿ ಅತಿ ಭಾರ ಅನ್ನಿಸುವ ನಡಿಗೆಯೇ ರಾತ್ರಿ ಗೇಟಿನಿಂದ ಕಾರಿನವರೆಗಿನದು, ಆದ್ದರಿಂದ ಹೊರಗಿನ ಬಾಡಿಗೆಯದು ಅಥವಾ ಅಣ್ಣನ ಪರಿಚಯದವರಲ್ಲಿ ಕೇಳಿ ತಂದದ್ದೇ ಮೇಲು ಅಂತ ನನ್ನ ಅಭಿಪ್ರಾಯ. ಹೊರಗಿನದಾದರೆ ಅಳತೆ ನೋಡಿಕೊಳ್ಳಬೇಕು. 2019ರ ಮೇ ತಿಂಗಳಿಂದ ಅಲ್ಲಿ 31 ಇಂಚಿಗಿಂತ ಅಗಲ, 52 ಇಂಚಿಗಿಂತ ಉದ್ದದ ಗಾಡಿಯನ್ನು ಒಳಗೆ ಬಿಡುವುದಿಲ್ಲ. ಡಬ್ಬದ ಹಾಗಿರುವ ಎಳೆಯುವ ವ್ಯಾಗನ್‌ಗಳಿಗಂತೂ ಪ್ರವೇಶವೇ ಇಲ್ಲ.

ರೈಡ್ ಹತ್ತುವಾಗ ಗಾಡಿಯನ್ನು ಹೊರಗೆ ಸ್ಟ್ಯಾಂಡಿನಲ್ಲಿ ಬಿಟ್ಟು ಹೋಗಬೇಕು. ಅಲ್ಲಿನ ಸಿಬ್ಬಂದಿ ಸಾಲು ಸರಿ ಮಾಡುವಾಗ ಜರುಗಿಸಿರುತ್ತಾರೆ, ಬಿಟ್ಟ ಜಾಗದಲ್ಲೇ ಇರುತ್ತದೆ ಅಂದುಕೊಳ್ಳಬೇಡಿ. ಒಂದೇ ಥರದ ನೂರಾರು ಗಾಡಿಗಳ ನಡುವೆ ನಿಮ್ಮದು ಕಾಣಲು ಹಿಡಿಗೆ ಇಳಕಲ್ ಸೀರೆ ಅಂಚಿನ ಒಂದು ತುಂಡು ಕಟ್ಟಿ. ಪಾಸ್‌ಪೋರ್ಟ್, ದುಡ್ಡು ಅದರಲ್ಲಿ ಬಿಡಬೇಡಿ. ಹಿಡಿಗೆ ಭಾರದ ಬ್ಯಾಗನ್ನೂ ನೇತುಹಾಕಬೇಡಿ. ಮಗು ಇಳಿದ ತಕ್ಷಣ ಗಾಡಿ ಹಿಂದಕ್ಕೆ ಮಗುಚುತ್ತದೆ, ಪಕ್ಕದಲ್ಲಿ ಇನ್ನೊಂದು ಪುಟ್ಟ ಮಗು ನಿಂತಿರಬಹುದು.

ಬೆಳಿಗ್ಗೆ ಅವನು ಕೂರುವುದು ಬೇಡ. ನೀರು, ಟೊಪ್ಪಿ, ಡಬ್ಬಿ ಇಟ್ಟು ಅವನೇ ತಳ್ಳಲಿ. ‘ಇದು ನಿನ್ನ ಸಾಮಾನಿನ ಗಾಡಿ, ಸಾಕಾದಾಗ ನೀನೂ ಕೂರಬಹುದು’ ಅಂತ ಊರಲ್ಲೇ ಹೇಳಿಡಿ. ದೂರದ ದಾರಿಗೆ ಕೂರಲಿ, ನೋಡುವ ಜಾಗ ಬಂದಾಗ ಇಳಿಯಲಿ. ಐದು ವರ್ಷದೊಳಗಿನ ಮಕ್ಕಳನ್ನು ಗಾಡಿಯಲ್ಲಿ ಒಂದೇ ಸಮನೆ ಒಂದು ಗಂಟೆಗಿಂತ ಜಾಸ್ತಿ ಕಟ್ಟಿ ಕೂರಿಸಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಎಚ್ಚರವಿರುವಾಗ ಅದೇ ಲೆಕ್ಕ ಇವನಿಗೂ ಒಳ್ಳೆಯದು.

ರಾತ್ರಿಯ ಕಾಲು ನೋವಿನ ಬಗ್ಗೆ. ಎರಡೂ ಕಾಲಿನಲ್ಲಿ, ಸಂಜೆ ಇಲ್ಲವೇ ರಾತ್ರಿ ಬಂದು, ತಿಕ್ಕಿದರೆ ಹಿತ ಅನ್ನಿಸಿ, ಬೆಳಿಗ್ಗೆ ಏನೂ ಆಗಿಲ್ಲದ ಹಾಗೆ ಓಡುತ್ತಿದ್ದರೆ ಹೆದರಬೇಡಿ. ಈ ವಯಸ್ಸಿನಲ್ಲಿ ತುಂಬಾ ಮಕ್ಕಳಿಗೆ ಬರುತ್ತದೆ. ಒಂದೇ ಕಾಲು, ಒಂದೇ ಜಾಗ, ಊತ, ಜ್ವರ, ಬೆಳಿಗ್ಗೆಯೂ ಕುಂಟುವುದು, ಇದರಲ್ಲಿ ಯಾವುದಿದ್ದರೂ ಪ್ರಯಾಣಕ್ಕೆ ಮುಂಚೆ ಮಕ್ಕಳ ಡಾಕ್ಟರಿಗೆ ತೋರಿಸಿ.

ಒಂದು ಸಣ್ಣ ಪರೀಕ್ಷೆ ಮನೆಯಲ್ಲೇ ಮಾಡಿ. ಚಾಪೆ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ ಮಗನನ್ನು ಏಳು ಅನ್ನಿ. ಸರಕ್ಕನೆ ಎದ್ದರೆ ಸರಿ. ಹಿಂದೊಮ್ಮೆ ಐದು ವರ್ಷದ ಹುಡುಗನೊಬ್ಬನನ್ನು ‘ಸೋಮಾರಿ, ನಡೆಯೋದೇ ಇಲ್ಲ’ ಅಂತ ಬೈಯುತ್ತಲೇ ಕರೆತಂದಿದ್ದರು. ಏಳು ಅಂದೆ. ಮೊದಲು ಬೋರಲಾಗಿ ಅಂಗೈ ಊರಿದ. ಪೃಷ್ಠ ಮೇಲೆತ್ತಿದ. ಆಮೇಲೆ ಒಂದು ಕೈ ಮೊಣಕಾಲಿಗೆ, ಇನ್ನೊಂದು ತೊಡೆಗೆ ಒತ್ತಿ, ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತಿ ನಿಂತ. ಮೀನಖಂಡ ಎರಡೂ ದಪ್ಪಗೆ ಉಬ್ಬಿದ್ದವು. ಅದು ಸ್ನಾಯುಗಳ ಕಾಯಿಲೆಯ ಗುರುತು. ಹಾಗೆ ಏಳುವ, ಪದೇ ಪದೇ ಬೀಳುವ, ಮೆಟ್ಟಿಲು ಹತ್ತಲು ಕಷ್ಟಪಡುವ ಮಗುವನ್ನು ಒಂದು ದಿನವೂ ತಡಮಾಡದೆ ಡಾಕ್ಟರಿಗೆ ತೋರಿಸಬೇಕು. ನಿಮ್ಮ ಮಗ ಸಂಜೆಯೆಲ್ಲ ಓಡುವ ಹುಡುಗ, ಅವನಿಗೆ ಹಾಗಿರಲಾರದು. ಇದನ್ನು ಓದುವ ಬೇರೆ ಯಾರಿಗಾದರೂ ಬೇಕಾಗಬಹುದು ಅಂತ ಬರೆದೆ.

ಪ್ರಶ್ನೆ: ಡಾಕ್ಟ್ರಮ್ಮ, ರಜೆಗೆ ಬೆಂಗಳೂರಿಂದ ಮೊಮ್ಮಗಳು ಬರುತ್ತಾಳೆ. ಏಳು ವರ್ಷ. ಹೋದ ಸಲ ಕೋಟೆಗೆ ಕರೆದೊಯ್ದಾಗ ಅರ್ಧ ದಾರಿಯಲ್ಲಿ ಕೂತುಬಿಟ್ಟಳು. ಮಡಚುವ ಗಾಡಿ ಕೊಂಡರೆ ಕೋಟೆಯಲ್ಲಿ ನಡೆಯುತ್ತದಾ? ನನಗೆ 68.
– ಒಬ್ಬ ಅಜ್ಜ, ಚಿತ್ರದುರ್ಗ

ಉತ್ತರ: ನಡೆಯುವುದಿಲ್ಲ ಯಜಮಾನ್ರೇ, ದುಡ್ಡು ಹಾಕಬೇಡಿ. ಏಳು ಸುತ್ತಿನ ಕೋಟೆ ಅಂದರೆ ಮೆಟ್ಟಿಲು, ಬಂಡೆ, ಸವೆದು ನುಣ್ಣಗಾದ ಕಲ್ಲು. ಗಾಡಿಯನ್ನೂ ಮೊಮ್ಮಗಳನ್ನೂ ನೀವೇ ಹೊರಬೇಕಾಗುತ್ತದೆ. ಇಳಿಯುವಾಗ ಉಪ್ಪುಮೂಟೆ ಮಾತ್ರ ಖಂಡಿತ ಬೇಡ, ಜಾರಿದರೆ ಇಬ್ಬರಿಗೂ ಪೆಟ್ಟು. ಬಿಸಿಲು ಏರುವ ಮುಂಚೆ ಹೋಗಿ. ಕಥೆಯನ್ನು ಒಂದೇ ಸಲ ಹೇಳಿ ಮುಗಿಸಬೇಡಿ. ಒಂದೊಂದು ಬಾಗಿಲಿಗೆ ಒಂದೊಂದು ತುಂಡು, ಕೂತು ನೀರು ಕುಡಿಯುವಷ್ಟು ಹೊತ್ತು. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ತಲೆ ತೂರಿಸುವ ಭಾಗವನ್ನು ಓಬವ್ವನ ಕಿಂಡಿಯ ಮುಂದೆ ನಿಂತೇ ಹೇಳಿ. ಅಲ್ಲಿಯ ತನಕ ಅವಳೇ ನಿಮ್ಮ ಕೈ ಹಿಡಿದು ಎಳೆದುಕೊಂಡು ಹೋಗುತ್ತಾಳೆ. ಇಡೀ ಕೋಟೆ ಒಂದೇ ದಿನಕ್ಕೆ ಆಗಲೇಬೇಕು ಅಂತ ಏನಿಲ್ಲ ಅಲ್ವಾ? ಉಳಿದದ್ದು ನಾಳೆಗೆ, ಚಂದ್ರವಳ್ಳಿ ನಾಡಿದ್ದಿಗೆ.

ಪ್ರಶ್ನೆ: ಮೇಡಂ, ಮಗಳಿಗೆ ಒಂಬತ್ತು ವರ್ಷ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲಿನ ಚಲನೆ ಕಷ್ಟವಾಗುವ ಸ್ಥಿತಿ) ಇದೆ. ಮನೆಯೊಳಗೆ ಕಾಲಿಗೆ ಆಸರೆಯ ಸ್ಪ್ಲಿಂಟ್ ಹಾಕಿಕೊಂಡು ನಡೆಯುತ್ತಾಳೆ. ಹೊರಗೆ ಹೋದಾಗ ದೊಡ್ಡ ಗಾಡಿಯಲ್ಲಿ ಕೂರಿಸುತ್ತೇವೆ. ದಾವಣಗೆರೆ ಗಾಜಿನ ಮನೆಗೆ ಹೂವಿನ ಪ್ರದರ್ಶನ ನೋಡಲು ಹೋಗಿದ್ದಾಗ ಒಬ್ಬರು ‘ಇಷ್ಟು ದೊಡ್ಡೋಳು, ನಡೆಯೋಕೆ ಏನಾಗಿದೆ? ಮುದ್ದು ಜಾಸ್ತಿ ಆಯ್ತು’ ಅಂದರು. ಮಗಳಿಗೆ ಕೇಳಿಸಿತು. ಅವತ್ತಿನಿಂದ ನಮ್ಮ ಮನೆಯವರು ‘ಇನ್ನು ಗಾಡಿ ಬೇಡ, ನಡೆದೇ ಬರಲಿ, ಆಗಲ್ಲ ಅಂದ್ರೆ ಮನೇಲಿರಲಿ’ ಅನ್ನುತ್ತಿದ್ದಾರೆ.
– ಒಬ್ಬ ತಾಯಿ, ಚಿತ್ರದುರ್ಗ ಜಿಲ್ಲೆ

ಉತ್ತರ: ಪತ್ರ ಓದಿ ಹೊಟ್ಟೆಯಲ್ಲಿ ಸಂಕಟ ಆಯಿತಮ್ಮ. ನಿಮ್ಮ ಮನೆಯವರಿಗೂ ಈ ಉತ್ತರ ಓದಿಸಿ. ಅವರಿಗೆ ಸಿಟ್ಟಿರುವುದು ಗಾಡಿಯ ಮೇಲಲ್ಲ, ಮಗಳಿಗೆ ತಾಗಿದ ಆ ಮಾತಿನ ಮೇಲೆ. ಆದರೆ ಮನೆಯಲ್ಲಿ ಕೂರುವ ಶಿಕ್ಷೆ ಮಗಳಿಗೆ ಆಗುತ್ತಿದೆ.

ಬಿಗಿದ ಸ್ನಾಯುಗಳನ್ನು ಎಳೆದುಕೊಂಡು ಇಡುವ ಒಂದು ಹೆಜ್ಜೆಗೆ ಅವಳ ಮೈ ಬೇರೆ ಮಕ್ಕಳಿಗಿಂತ ಎಷ್ಟೋ ಜಾಸ್ತಿ ಶಕ್ತಿ ಖರ್ಚು ಮಾಡುತ್ತದೆ. ವಾಹನ ನಿಲ್ಲಿಸಿದ ಜಾಗದಿಂದ ಹೂವಿನ ಸಾಲಿನ ತನಕ ನಡೆದೇ ಹೋದರೆ ಹೂವು ನೋಡುವ ಹೊತ್ತಿಗೆ ಅವಳಲ್ಲಿ ಏನೂ ಉಳಿದಿರುವುದಿಲ್ಲ. ಅಲ್ಲಿಯ ತನಕ ಗಾಡಿಯಲ್ಲಿ ಹೋಗಿ, ಹೂವಿನ ಮುಂದೆ ಇಳಿದು, ನಿಮ್ಮ ಕೈ ಹಿಡಿದು ಹತ್ತು ಹೆಜ್ಜೆ ನಡೆದರೆ ಆ ಹತ್ತು ಹೆಜ್ಜೆ ಅವಳಿಗೆ ಖುಷಿ ಕೊಡುತ್ತದೆ. ಚಿಕಿತ್ಸೆಯ ಲೆಕ್ಕದಲ್ಲೂ ನನಗೆ ಬೇಕಾದ ನಡಿಗೆ ಅದೇ.

ಅಪರಿಚಿತರಿಗೆ ಮಗಳ ಕಾಯಿಲೆ ವಿವರಿಸುವ ಯಾವ ಬಾಧ್ಯತೆಯೂ ನಿಮಗಿಲ್ಲ. ‘ಅವಳಿಗೆ ಬೇಕು, ಅದಕ್ಕೇ ಇದೆ’ ಅಷ್ಟು ಸಾಕು. ಅದನ್ನು ಮಗಳಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಹೇಳಿ. ಇನ್ನು ಸ್ವಲ್ಪ ದಿನಕ್ಕೆ ಅವಳೇ ಹೇಳುತ್ತಾಳೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ ಒಂದು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿರದಿದ್ದರೆ ಮಾಡಿಸಿ, ಹೊರಗೆ ಹೋಗುವಾಗ ಜೊತೆಗಿರಲಿ. ಮೇಲೆ ಹೇಳಿದ ಡಿಸ್ನಿ ಪಾರ್ಕಿನಲ್ಲಿ ಇಂಥ ಮಕ್ಕಳ ಗಾಡಿಗೆ ಒಂದು ಚೀಟಿ ಕಟ್ಟಿ ಕೊಡುತ್ತಾರೆ. ಆಗ ಅದನ್ನು ಹೊರಗೆ ಬಿಡಬೇಕಿಲ್ಲ, ವೀಲ್‌ಚೇರ್ ಲೆಕ್ಕದಲ್ಲಿ ಕ್ಯೂನ ಒಳಗೂ ಬಿಡುತ್ತಾರೆ. ನಮ್ಮಲ್ಲೂ ಯಾವ ಪಾರ್ಕಿಗೆ ಹೋಗುವುದಿದ್ದರೂ ಮುಂಚೆ ಫೋನ್ ಮಾಡಿ, ಗಾಡಿ ಎಲ್ಲಿಯ ತನಕ ಬರುತ್ತದೆ ಅಂತ ಕೇಳಿಕೊಂಡೇ ಹೊರಡಿ.

ಒಂಬತ್ತು ವರ್ಷಕ್ಕೆ ಗಾಡಿ ಚಿಕ್ಕದಾಗಿದೆಯಾ ಅಂತಲೂ ನೋಡಬೇಕು. ಕೂತಾಗ ಸೊಂಟ ಹಿಂದಕ್ಕೆ ತಾಗಿ, ಪಾದ ಎರಡೂ ಕಾಲಿಡುವ ಪಟ್ಟಿಯ ಮೇಲೆ ಸಮನಾಗಿ ಕೂರಬೇಕು. ಒಂದು ಕಡೆ ವಾಲಿದರೆ ದಿಂಬು ತುರುಕಬೇಡಿ, ಗಾಡಿ ಸಮೇತ ಫಿಸಿಯೋಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋಗಿ ಸರಿ ಮಾಡಿಸಿ. ಮುಂದಿನ ಸಲ ಗಾಜಿನ ಮನೆಗೆ ಬಿಸಿಲು ಇಳಿದ ಮೇಲೆ, ನಡುವಾರದಲ್ಲಿ ಹೋಗಿ, ಜನ ಕಡಿಮೆ ಇರುತ್ತಾರೆ. ಮನೆಗೆ ಬಂದ ಕೂಡಲೇ ಸ್ಪ್ಲಿಂಟ್ ಬಿಚ್ಚಿ ಹಿಮ್ಮಡಿ, ಹರಡು, ಮೀನಖಂಡ ನೋಡಿ. ಕೆಂಪಗಿದ್ದದ್ದು ಅರ್ಧ ಗಂಟೆಯೊಳಗೆ ಹೋದರೆ ಸರಿ. ಹೋಗದಿದ್ದರೆ ಮಾರನೇ ದಿನ ಅದನ್ನು ಹಾಕಬೇಡಿ, ಮಾಡಿಕೊಟ್ಟವರಲ್ಲಿಗೆ ಒಯ್ದು ಆ ಜಾಗ ಸಡಿಲ ಮಾಡಿಸಿ.