ಮತೀಸ್ ಅವರ ಇಕಾರಸ್‌ಗೆ ರೆಕ್ಕೆ ಯಾಕಿಲ್ಲ?

ಫ್ರೆಂಚ್ ಕಲಾವಿದ ಆನ್ರಿ ಮತೀಸ್ ಅವರ ಇಕಾರಸ್ ಪ್ರಿಂಟ್‌ನಲ್ಲಿ ರೆಕ್ಕೆಯೂ ಕಾಣಲ್ಲ, ಸೂರ್ಯನೂ ಇಲ್ಲ, ಗ್ರೀಕ್ ಕಥೆ ಎಲ್ಲಿದೆ ಅಂತ ಕೇಳಿದ್ದೀರಿ. ಮೇಣದಿಂದ ಅಂಟಿಸಿದ ರೆಕ್ಕೆ ಕಟ್ಟಿಕೊಂಡು ಹಾರಿದ ಹುಡುಗ ಇಕಾರಸ್, ಸೂರ್ಯನ ತೀರಾ ಹತ್ತಿರ ಹೋಗಿ ಮೇಣ ಕರಗಿ ಬಿದ್ದ ಅನ್ನುವುದು ಆ ಕಥೆ. ನನ್ನ ಪ್ರಕಾರ ಅಲ್ಲಿರುವುದು ಕಥೆಯ ಕೊನೆಯ ಗಳಿಗೆ ಮಾತ್ರ. ಮೇಣ ಕರಗಿ ಆಗಿದೆ, ಹುಡುಗ ಬೀಳುತ್ತಿದ್ದಾನೆ. ನೀಲಿ ಆಕಾಶ, ಕಪ್ಪು ಮೈ, ಎದೆಯಲ್ಲಿ ಒಂದು ಕೆಂಪು ಚುಕ್ಕೆ. ಆ ಚುಕ್ಕೆಯನ್ನೇ ಸ್ವಲ್ಪ ಹೊತ್ತು ನೋಡಿ. ಹೃದಯ ಇನ್ನೂ ಬಡಿಯುತ್ತಿದೆ ಅನ್ನಿಸುತ್ತದೆ ಅಲ್ವಾ?

ಬಣ್ಣ ಬಳಿದ ಕಾಗದವನ್ನು ಕತ್ತರಿಸಿ ಅಂಟಿಸಿ ಅವರು ಇದನ್ನು ಮಾಡಿದ್ದು ಎರಡನೇ ಮಹಾಯುದ್ಧದ ದಿನಗಳಲ್ಲಿ. ಹಾಗಾಗಿ ಸುತ್ತಲಿನ ಚೂಪಾದ ಹಳದಿ ಆಕಾರಗಳನ್ನು ನಕ್ಷತ್ರ ಅನ್ನುವವರಿದ್ದಾರೆ, ಸಿಡಿಯುವ ಗುಂಡು ಅನ್ನುವವರೂ ಇದ್ದಾರೆ. ನನಗೆ ಎರಡನೆಯದೇ ಜಾಸ್ತಿ ಸರಿ ಅನ್ನಿಸುತ್ತದೆ. 1947ರಲ್ಲಿ 'ಜಾಝ್' ಪುಸ್ತಕಕ್ಕೆ ಸ್ಟೆನ್ಸಿಲ್ ಇಟ್ಟು, ಕೈಯಿಂದಲೇ ಗೌಶ್ ಎಂಬ ದಟ್ಟವಾದ ಜಲವರ್ಣ ಹಚ್ಚಿ ಪ್ರಿಂಟ್ ತೆಗೆದರು. ಅದಕ್ಕೇ ಬಣ್ಣ ಅಷ್ಟು ಗಾಢವಾಗಿದೆ.