ರಾಡ್ ಲೆಕ್ಕಕ್ಕೆ ಸಿಕ್ಕಿತು, ಬಲ್ಬ್ ಸಿಗಲಿಲ್ಲ

ಪ್ರಶ್ನೆ: ನಮ್ಮ ಹಳ್ಳಿಯಲ್ಲಿ ಸಂಜೆ ವೋಲ್ಟೇಜ್ 180ಕ್ಕೆ ಇಳಿಯುತ್ತದೆ. ನೀರು ಕಾಯಿಸುವ ರಾಡ್ ಮೇಲೆ 230 ವೋಲ್ಟ್, 1500 ವಾಟ್ ಎಂದಿದೆ. ಸಂಜೆ ಕ್ಲ್ಯಾಂಪ್ ಮೀಟರ್ (ವೈರನ್ನು ಬಾಯಲ್ಲಿ ಹಿಡಿದು ಕರೆಂಟ್ ಅಳೆಯುವ ಮೀಟರ್) ಹಾಕಿದರೆ 5.1 ಆಂಪಿಯರ್ ತೋರಿಸಿತು. ವೋಲ್ಟೇಜ್ ಕಮ್ಮಿಯಾದರೆ ಕರೆಂಟ್ ಜಾಸ್ತಿ ಎಳೆದು ಬಿಲ್ ಏರುತ್ತದೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ನಿಜವೇ? ಇನ್ನೊಂದು: ಹಳೇ 60 ವಾಟ್ ಬಲ್ಬನ್ನು ಮಲ್ಟಿಮೀಟರ್‌ನಲ್ಲಿ ಅಳೆದರೆ ಬರೀ 65 ಓಮ್. ಮೀಟರ್ ಕೆಟ್ಟಿದೆಯಾ?

ಉತ್ತರ: ನಮ್ಮ ಮಾತಿನಲ್ಲಿ ಎಲ್ಲವೂ ಕರೆಂಟೇ. ಕರೆಂಟ್ ಹೋಯ್ತು, ಕರೆಂಟ್ ಬಿಲ್ ಬಂತು, ಕರೆಂಟ್ ಡಲ್ ಇದೆ. ಆದರೆ ಡಲ್ ಆಗಿರುವುದು ವೋಲ್ಟೇಜ್, ಬಿಲ್ ಬರುವುದು ಯೂನಿಟ್‌ಗೆ. ಆಂಪಿಯರ್‌ನಲ್ಲಿ ಅಳೆಯುವುದಷ್ಟೇ ಲೆಕ್ಕದ ಕರೆಂಟ್. ಗೊಂದಲ ಹುಟ್ಟುವುದೇ ಇಲ್ಲಿ.

ನಿಮ್ಮ ಅಂಕಿಗಳನ್ನೇ ಹಿಡಿಯೋಣ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್ (ತಂತಿ ಕರೆಂಟಿಗೆ ಒಡ್ಡುವ ತಡೆ): 180 ÷ 5.1, ಅಂದರೆ ಸುಮಾರು 35.3 ಓಮ್. ಎರಡನ್ನೂ ಗುಣಿಸಿದರೆ ಪವರ್: 180 × 5.1, ಅಂದರೆ 918 ವಾಟ್. ಈಗ ರಾಡ್ ಮೇಲಿನ ಬರಹ ನೋಡಿ. 1500 ÷ 230 ಮಾಡಿದರೆ 6.5 ಆಂಪಿಯರ್. 230 ÷ 6.5 ಮಾಡಿದರೆ ಮತ್ತೆ ಸುಮಾರು 35 ಓಮ್. ರಾಡ್ ಬದಲಾಗಿಲ್ಲ. ವೋಲ್ಟೇಜ್ ಇಳಿದದ್ದಕ್ಕೆ ಕರೆಂಟೂ ಇಳಿಯಿತು, ಎರಡೂ ಸೇರಿ ಪವರ್ ಇನ್ನೂ ಜಾಸ್ತಿ ಇಳಿಯಿತು. ವೋಲ್ಟೇಜ್ ಕಾಲು ಭಾಗವೂ ಇಳಿದಿಲ್ಲ, ಪವರ್ ಮಾತ್ರ ನೂರಕ್ಕೆ ಅರವತ್ತರಷ್ಟೇ ಉಳಿದಿದೆ.

15 ಲೀಟರ್ ನೀರನ್ನು 30 ಡಿಗ್ರಿ ಏರಿಸಲು 1500 ವಾಟ್‌ನಲ್ಲಿ 21 ನಿಮಿಷ ಸಾಕು. 918 ವಾಟ್‌ಗೆ 34 ನಿಮಿಷ ಬೇಕು. ಯೂನಿಟ್ ಎರಡರಲ್ಲೂ ಅರ್ಧಕ್ಕಿಂತ ತುಸು ಮೇಲೆ. ತಡವಾದಷ್ಟೂ ಬಕೆಟ್ ಒಂದಿಷ್ಟು ಬಿಸಿ ಹೊರಗೆ ಬಿಡುತ್ತದೆ, ಅಷ್ಟೇ ವ್ಯತ್ಯಾಸ.

ಹಾಗಂತ ಪಕ್ಕದ ಮನೆಯವರು ಸುಮ್ನೆ ಹೇಳಿದ್ದಲ್ಲ. ಅದು ಪಂಪ್‌ಸೆಟ್ಟಿನ ಮಾತು. ಮೋಟಾರು ಎತ್ತಬೇಕಾದ ನೀರು ಹೆಚ್ಚುಕಮ್ಮಿ ಅಷ್ಟೇ ಇರುತ್ತದಲ್ಲ, ವೋಲ್ಟೇಜ್ ಸಾಲದಿದ್ದರೆ ಅದು ಆಂಪಿಯರ್ ಜಾಸ್ತಿ ಎಳೆಯುತ್ತದೆ. ಕಾಯಿಲ್ ಸುಡುವುದು ಹಾಗೆಯೇ. ಮೋಟಾರಿಗೆ ಈ ಸರಳ ಭಾಗಾಕಾರ, ಗುಣಾಕಾರ ನಡೆಯುವುದಿಲ್ಲ. ಪವರ್ ಫ್ಯಾಕ್ಟರ್, ಅಂದರೆ ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ನಿಜವಾಗಿ ಕೆಲಸಕ್ಕೆ ಬರುತ್ತದೆ ಎಂಬ ಲೆಕ್ಕ, ಅಡ್ಡ ಬರುತ್ತದೆ.

ಇನ್ನು ಬಲ್ಬ್. ನಿಮ್ಮ ಮೀಟರ್ ಸರಿಯಾಗಿದೆ. 60 ವಾಟ್ ಬಲ್ಬ್ 230 ವೋಲ್ಟ್‌ನಲ್ಲಿ 0.26 ಆಂಪಿಯರ್ ಎಳೆಯುತ್ತದೆ, ಅಂದರೆ 880 ಓಮ್ ಆಸುಪಾಸು. ಆದರೆ ಅದು ಉರಿಯುವಾಗಿನ ಮಾತು. ಆಗ ಒಳಗಿನ ಟಂಗ್‌ಸ್ಟನ್ ತಂತಿ ಎರಡು ಸಾವಿರ ಡಿಗ್ರಿ ದಾಟಿರುತ್ತದೆ. ನೀವು ಅಳೆದದ್ದು ತಣ್ಣಗಿನ ತಂತಿ. ಸ್ವಿಚ್ ಹಾಕಿದ ಕ್ಷಣ ಅದು ಮೂರು ಆಂಪಿಯರ್ ಮೀರಿ ಎಳೆದುಬಿಡುತ್ತದೆ. ಹಳೇ ಬಲ್ಬುಗಳು ಸ್ವಿಚ್ ಹಾಕಿದಾಗಲೇ ‘ಟಪ್’ ಅಂತ ಹೋಗುತ್ತಿದ್ದವು ಅಲ್ವಾ, ಅದಕ್ಕೆ. ರಾಡಿನೊಳಗಿನ ನೈಕ್ರೋಮ್ ತಂತಿಗೆ ಬಿಸಿಯಾದರೂ ಓಮ್ ಹೆಚ್ಚೇನೂ ಏರುವುದಿಲ್ಲ. ಪ್ಲಗ್ ಕಿತ್ತು ಎರಡು ಪಿನ್‌ಗಳ ನಡುವೆ ಅಳೆದರೂ 35ರ ಹತ್ತಿರವೇ ಸಿಗುತ್ತದೆ. ಓಮ್ ಅಳೆಯುವಾಗ ಪ್ಲಗ್ ಕಿತ್ತಿರಲೇಬೇಕು.

ಉರಿಯುವ ಬಲ್ಬಿನ ಕರೆಂಟ್ ನೋಡಬೇಕಾ? 0.26 ಆಂಪಿಯರ್ ಅನ್ನು ಕ್ಲ್ಯಾಂಪ್ ಮೀಟರ್ ಸರಿಯಾಗಿ ಹಿಡಿಯುವುದು ಕಷ್ಟ. ಮೊದಲು ಪ್ಲಗ್ ಕಿತ್ತು, ಇನ್ಸುಲೇಷನ್ ಗಟ್ಟಿಯಿರುವ ಒಂದೇ ವೈರನ್ನು ಮೀಟರಿನ ಬಾಯಿಗೆ ಹತ್ತು ಸುತ್ತು ಸುತ್ತಿ. ಎರಡೂ ವೈರ್ ಒಟ್ಟಿಗೆ ಹಿಡಿದರೆ ಸೊನ್ನೆ ತೋರಿಸುತ್ತದೆ. ಬಂದ ಅಂಕಿಯನ್ನು ಹತ್ತರಿಂದ ಭಾಗಿಸಿ. ಸಂಜೆಯ 180 ವೋಲ್ಟ್‌ನಲ್ಲೂ ಒಮ್ಮೆ ಅಳೆಯಿರಿ. ತಂತಿ ಅಷ್ಟು ಕಾದಿರುವುದಿಲ್ಲ, ಹಾಗಾಗಿ ಆಗ ಸಿಗುವ ಓಮ್ 880ಕ್ಕಿಂತ ಕಮ್ಮಿ ಇರುತ್ತದೆ.